ಬೋಣಿಯಾದ ಮೇಲೆ ಹೇಳಿದ ಸುದ್ದಿ

ಮಧ್ಯ ಆಫ್ರಿಕಾದ ಯಾವುದೋ ದೇಶದಲ್ಲಿ ಇಡೀ ಬೀದಿಗೆ ಒಂದೇ ಫೋನು, ಬಸ್ಸು ತುಂಬುವ ತನಕ ಹೊರಡುವುದೇ ಇಲ್ಲ ಎಂದು ಪತ್ರಿಕೆಯಲ್ಲಿ ಓದಿ ನಮ್ಮ ಶಾಲೆಯ ಮೇಷ್ಟ್ರೊಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಎಪ್ಪತ್ತರ ದಶಕದ ಕೊನೆ ಅದು. ನಾನೂ ಚನ್ನಗಿರಿಯಲ್ಲಿ ಮೇಷ್ಟ್ರಾಗಿದ್ದೆ. ಅವರ ನಗು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಬೀದಿಗೂ ಇದ್ದದ್ದು ಒಂದೇ ಫೋನು.

ಅದು ಅಡಿಕೆ ಮಂಡಿಯ ಸಾಹುಕಾರರದು. ನಂಬರು ತಿರುಗಿಸುವ ಚಕ್ರಕ್ಕೆ ಪುಟ್ಟ ಬೀಗ, ಬೀಗದ ಕೈ ಅವರ ಉಡಿದಾರದಲ್ಲಿ. ಯಾರಿಗಾದರೂ ಪರವೂರಿಂದ ಟ್ರಂಕ್ ಕಾಲ್ ಬಂದರೆ ಮಾತೆಲ್ಲ ತಾವೇ ಕೇಳಿಸಿಕೊಂಡು, ಆಮೇಲೆ ಆಳನ್ನು ಕಳಿಸುತ್ತಿದ್ದರು. ಜಗಳೂರಿನಲ್ಲಿ ಅಣ್ಣನ ಮನೆಯಲ್ಲಿದ್ದ ನನ್ನ ಅವ್ವನಿಗೆ ಆ ವರ್ಷ ಹುಷಾರಿರಲಿಲ್ಲ. ನಾನು ಅಣ್ಣನಿಗೆ ಬರೆದುಕೊಟ್ಟಿದ್ದ ನಂಬರು ಅದೇ.

ಒಂದು ದಿನ ಮಧ್ಯಾಹ್ನ ಸಾಹುಕಾರರು ಕರೆಸಿದರು.

"ಮೇಷ್ಟ್ರೇ, ಜಗಳೂರಿಂದ ಫೋನ್ ಬಂದಿತ್ತು. ನಿಮ್ಮ ತಾಯಿಗೆ ಭಾಳ ಜೋರೈತಂತೆ. ಕೂಡ್ಲೇ ಬರಬೇಕಂತೆ."

"ಯಾವಾಗ ಬಂದಿತ್ರೀ?"

"ಬೆಳಿಗ್ಗೆ ಅಂಗಡಿ ಬಾಗ್ಲು ತೆಗೆದು ಊದುಬತ್ತಿ ಹಚ್ತಿದ್ದೆ, ಆವಾಗ. ಇನ್ನೂ ಬೋಣಿ ಆಗಿರ್ಲಿಲ್ಲ. ಮೊದಲ್ನೇ ಯಾಪಾರಕ್ಕಿಂತ ಮುಂಚೆ ಅಂಥ ಸುದ್ದಿ ಬಾಯಾಗೆ ಆಡಾಕೆ ಆಗತೈತೇನ್ರೀ? ಇವತ್ತು ಅಡಿಕೆ ತರೋ ತ್ಯಾವಣಿಗೆ ಕಡೆಯೋರು ಬರಾದು ತಡ ಆತು, ಬೋಣಿನೂ ತಡ ಆತು."

ಹೇಳಿದ ರೀತಿ ನೋಡಬೇಕಿತ್ತು, ದೊಡ್ಡ ಉಪಕಾರ ಮಾಡಿದವರ ಹಾಗೆ. ನಾನಾದರೂ ಏನು ಮಾಡಿದೆ? ಕೈ ಮುಗಿದು ಬಂದೆ. ನಾನು ಹೇಳಿ ಕಳಿಸಿದ ಕೂಡಲೇ ಮಕ್ಕಳನ್ನು ಕರೆದುಕೊಂಡು ಬಾ ಎಂದು ಹೆಂಡತಿಗೆ ಹೇಳಿ ಬಸ್‌ಸ್ಟ್ಯಾಂಡಿಗೆ ಓಡಿದೆ.

ದಾವಣಗೆರೆ ಬಸ್ಸಿನ ಕಂಡಕ್ಟರು "ಹೊರಟೇಬಿಡ್ತು, ಹತ್ರಿ ಹತ್ರಿ" ಎಂದು ಕೂಗುತ್ತ ಮುಕ್ಕಾಲು ಗಂಟೆ ಕೂರಿಸಿದ. ಡ್ರೈವರು ಎಂಜಿನ್ ಗುರುಗುಟ್ಟಿಸಿ ಒಂದು ಮಾರು ಮುಂದೆ ಬಂದು, ಮತ್ತೆ ಒಂದು ಮಾರು ಹಿಂದೆ ಹೋಗುತ್ತಿದ್ದ. ಬೀಡಿ ಹೊಗೆ, ಡೀಸೆಲ್ ವಾಸನೆ, ಯಾರದೋ ವಾಂತಿ. ದಾವಣಗೆರೆಯಲ್ಲಿ ಜಗಳೂರು ಬಸ್ಸಿನದೂ ಇದೇ ನಾಟಕ. ನನಗೆ ಆ ಬಸ್ಸುಗಳ ಮೇಲೆ, ಆ ಸಾಹುಕಾರರ ಮೇಲೆ, ಇಡೀ ಸೀಮೆಯ ಮೇಲೆ ಹೇಸಿಗೆ ಹುಟ್ಟಿತು.

ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಅಣ್ಣ ಬಾಗಿಲಲ್ಲೇ ನಿಂತಿದ್ದ. "ಮಧ್ಯಾಹ್ನದ ತನಕ ಚೆನ್ನಾಗಿ ಮಾತಾಡಿದ್ಲು ಕಣೋ. ಬಸ್ಸಿನ ಸದ್ದಾದಾಗೆಲ್ಲ ಬಂದ್ನೇನೋ ಅಂತ ಕೇಳೋಳು. ಆಮೇಲೆ ಮಾತು ನಿಂತೋತು." ಅವ್ವ ಕಣ್ಣು ಬಿಟ್ಟಿದ್ದಳು. ನಾನು ಕೂಗಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬೆಳಕು ಹರಿಯುವಾಗ ಅವ್ವ ಹೋದಳು. ಹೆಂಡತಿಗೆ ತಿಳಿಸಬೇಕಿತ್ತು. ಬೇಸಿಗೆ, ಮಣ್ಣು ಮಾಡುವುದನ್ನು ಬಹಳ ಹೊತ್ತು ತಡೆಯುವ ಹಾಗಿರಲಿಲ್ಲ. ಪೋಸ್ಟಾಫೀಸಿನ ಬಾಗಿಲು ತೆಗೆಯುವುದನ್ನೇ ಕಾದು ನಿಂತಿದ್ದು ಮಂಡಿಯ ನಂಬರು ಕೊಟ್ಟೆ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರು. "ಲೈನ್ ಖಾಲಿ ಐತೆ, ಈಗ್ಲೇ ಹಾಕ್ಲೇನ್ರೀ?" ಎಂದರು.

ನಾನು ಗೋಡೆಯ ಗಡಿಯಾರ ನೋಡಿದೆ. ಸಾಹುಕಾರರು ಊದುಬತ್ತಿ ಹಚ್ಚುವ ಹೊತ್ತು. ಈ ಹೊತ್ತಿನಲ್ಲಿ ಸಾವಿನ ಸುದ್ದಿ ಹೇಳಿದರೆ ಅವರು ಮುನಿಸಿಕೊಂಡಾರು, ಇನ್ನು ಮುಂದೆ ಫೋನೇ ಕೊಡಲಿಕ್ಕಿಲ್ಲ ಎನಿಸಿತು.

"ಸ್ವಲ್ಪ ತಡೀರಿ, ಹನ್ನೊಂದರ ಮೇಲೆ ಹಾಕಿ" ಎಂದೆ.

ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು ಇಳಿಯುವಷ್ಟರಲ್ಲಿ ಮಣ್ಣು ಮಾಡಿ ಬಂದು ಎಲ್ಲರೂ ಸ್ನಾನ ಮುಗಿಸಿದ್ದೆವು. ಅವಳು ಅಂಗಳದಲ್ಲೇ ಕುಸಿದು ಕೂತು, "ಅತ್ತೆ ಮುಖಾನೂ ನೋಡಾಕೆ ಆಗ್ಲಿಲ್ವಲ್ರೀ. ಬೆಳಿಗ್ಗೇನೇ ಯಾಕ್ರೀ ಫೋನ್ ಮಾಡ್ಲಿಲ್ಲ?" ಎಂದು ಕೇಳಿದಳು.

ಲೈನ್ ಸಿಗಲಿಲ್ಲ ಎಂದೆ.