ಮಾವ ಇಳಿದ ಸಮುದ್ರ

ಮೊನ್ನೆ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ತರಲು ಹೋಗಿದ್ದೆ. ಆರ್.ಕೆ.ಪುರಂನ ನಮ್ಮ ಸೆಕ್ಟರಿನ ಮಾರುಕಟ್ಟೆಯ ಪಾತ್ರೆ ಅಂಗಡಿಯವನು ಅದನ್ನು ಕವರಿನಿಂದ ತೆಗೆದು, ಎರಡೂ ಕೈಯಲ್ಲಿ ಎಳೆದು ತೋರಿಸಿ, "ಅಸಲಿ ರಬ್ಬರ್ ಹೈ ಮೇಡಂ, ಸೂಂಘ್ ಕೇ ದೇಖಿಯೇ" ಎಂದ. ಗ್ಯಾಸ್ಕೆಟ್ಟನ್ನು ಮೂಸಿ ನೋಡಿ ಕೊಳ್ಳುವವರನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನಂತೂ ಕಂಡಿರಲಿಲ್ಲ. ಆದರೆ ಹೇಳಿದ್ದನ್ನು ಮಾಡಿಬಿಡುವ ಸರ್ಕಾರಿ ಅಭ್ಯಾಸ ನನಗೆ. ಮೂಸಿದೆ. ಮೂಸಿದ್ದೇ ತಡ, ನಾಲಿಗೆಗೆ ಉಪ್ಪು ಹತ್ತಿದಂತಾಯಿತು. ಕಿವಿಯೊಳಗೆ ಗುಂಯ್ ಎಂದಿತು. "ಪಸಂದ್ ನಹೀ ಆಯಾ?" ಎಂದು ಅವನು ಕೇಳುವವರೆಗೂ ನಾನು ಅರಬ್ಬೀ ಸಮುದ್ರದಲ್ಲಿದ್ದೆ.

ರಬ್ಬರಿನ ವಾಸನೆಗೂ ಸಮುದ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಕಲ್ಪಿಸಿದ್ದು ನನ್ನ ಸೋದರಮಾವ.

ಮಾವ ಚಳ್ಳಕೆರೆ ಕಡೆಯವರು. ಬಾವಿಗೆ ಕೊಡ ಬಿಟ್ಟರೆ ನೀರಿಗಿಂತ ಮೊದಲು ಕಲ್ಲಿನ ಸದ್ದು ಕೇಳಿಸುವ ಊರು. ಅಲ್ಲಿಂದ ಚಿಕ್ಕ ವಯಸ್ಸಿನಲ್ಲೇ ದಿಲ್ಲಿಗೆ ಬಂದು ಯಾವುದೋ ಸಚಿವಾಲಯದಲ್ಲಿ ಗುಮಾಸ್ತರಾಗಿ ಸೇರಿ, ಕಿಟಕಿಯೇ ಇಲ್ಲದ ಕೋಣೆಯೊಂದರಲ್ಲಿ ಕೂತು ಕೂತು ಸೆಕ್ಷನ್ ಆಫೀಸರ್ ಆದರು. ನನಗೆ ದಿಲ್ಲಿಯಲ್ಲಿ ಕೆಲಸ ಸಿಕ್ಕಾಗ ಮೊದಲ ಕೆಲವು ವರ್ಷ ಇದ್ದದ್ದು ಅವರ ಕ್ವಾರ್ಟರ್ಸಿನಲ್ಲೇ. ಬೆಳಗಿನ ಜಾವ ನಲ್ಲಿ ಬಂದು ಹೋಗುವುದರೊಳಗೆ ಮಾವ ಡ್ರಮ್ಮು, ಬಕೆಟ್ಟು, ಕೊನೆಗೆ ಇಡ್ಲಿ ಪಾತ್ರೆಯನ್ನೂ ಬಿಡದೆ ತುಂಬಿಸಿಡುತ್ತಿದ್ದರು. ಸಂಜೆ ಟೀವಿಯಲ್ಲಿ ಸಮುದ್ರದೊಳಗಿನ ಕಾರ್ಯಕ್ರಮ ಬಂದರೆ ಮಾತ್ರ ಅವರನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಒಮ್ಮೆ ಪರದೆಯತ್ತ ಬೆರಳು ತೋರಿಸಿ, "ನೋಡು ಪುಟ್ಟಿ, ಎಷ್ಟೊಂದು ನೀರು! ಯಾರೂ ತುಂಬಿಸಿಟ್ಟದ್ದಲ್ಲ" ಎಂದಿದ್ದರು.

ಐವತ್ತು ದಾಟಿದ ಮೇಲೆ ಈಜು ಕಲಿತರು. ದಿಲ್ಲಿಯ ಈಜುಕೊಳಗಳು ಬೇಸಿಗೆಯಲ್ಲಷ್ಟೇ ತೆರೆಯುತ್ತವೆ. ಆ ತಿಂಗಳುಗಳಲ್ಲಿ ಮಾವ ತಲೆಗೆ ನೀಲಿ ಟೋಪಿ ಬಿಗಿದು ಸ್ಕೂಲು ಮಕ್ಕಳ ನಡುವೆ ತೇಲುತ್ತಿದ್ದರು. ಚಳಿಗಾಲದಲ್ಲಿ ಅಭ್ಯಾಸ ತಪ್ಪಬಾರದೆಂದು ಮನೆಯಲ್ಲೇ ಬಕೆಟ್ಟಿನಲ್ಲಿ ಮುಖ ಮುಳುಗಿಸಿ ಉಸಿರು ಹಿಡಿಯುವುದು. ಶಾರದತ್ತೆ ಬಚ್ಚಲಿನ ಬಾಗಿಲಲ್ಲಿ ನಿಂತು, "ಅಲ್ರೀ, ಅದು ಬಟ್ಟೆ ಒಗೆಯೋಕೆ ಇಟ್ಟಿದ್ದ ನೀರು. ಸೋಪು ಹಾಕಿದೀನಿ" ಎನ್ನುವರು. ಮಾವ ಮುಖ ಎತ್ತಿ, ಗಡ್ಡದಲ್ಲಿ ನೊರೆ ಸುರಿಸುತ್ತಾ, "ಮೊದಲೇ ಹೇಳಬಾರದಾ?" ಎನ್ನುವರು.

ನಿವೃತ್ತರಾದ ಮೇಲೆ ಅವರು ಪೀತಮ್‌ಪುರದಲ್ಲಿ ಕೊಂಡಿದ್ದ ಸ್ವಂತ ಫ್ಲ್ಯಾಟಿಗೆ ಹೋದರು. ಅದೇ ಚಳಿಗಾಲದಲ್ಲಿ ಮಾವ ಮುರುಡೇಶ್ವರಕ್ಕೆ ಹೋಗುವ ಮಾತೆತ್ತಿದರು. ಶಾರದತ್ತೆಗೆ ಸಂತೋಷವೋ ಸಂತೋಷ. ಇಷ್ಟು ವರ್ಷಕ್ಕೆ ಗಂಡನಿಗೆ ದೇವರ ನೆನಪಾಯಿತಲ್ಲ ಎಂದು. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯುತ್ತಾರೆ, ಇವರ ಭಕ್ತಿಯೆಲ್ಲ ಆ ತಳದ ಮೇಲೆ ಎಂದು ಗೊತ್ತಾದಾಗ ಅವರು ನನ್ನನ್ನು ಕರೆಸಿದರು. "ನೀನು ರಜ ಹಾಕಿ ಜೊತೆಗೆ ಹೋಗು. ದೇವಸ್ಥಾನ ತೋರಿಸು, ಬೀಚು ತೋರಿಸು, ಬೇಕಾದರೆ ಮೊಣಕಾಲವರೆಗೆ ನೀರಿಗೆ ಬಿಡು. ಒಳಗೆ ಮಾತ್ರ ಇಳಿಯೋಕೆ ಬಿಡಬೇಡ." ಹೀಗೆ ನಾನು ಕಾವಲಿನವಳಾಗಿ ಹೊರಟೆ. ನನಗೆ ಈಜು ಬಾರದು. ಸ್ನಾನದ ಮಗ್ಗಿಗಿಂತ ದೊಡ್ಡ ನೀರಿನ ಸಹವಾಸ ನಾನು ಮಾಡಿದವಳೇ ಅಲ್ಲ.

ಮಾವನ ಯೋಜನೆ ಸರಳವಾಗಿತ್ತು. ಮಂಗಳೂರಿಗೆ ವಿಮಾನ, ಅಲ್ಲಿಂದ ಕರಾವಳಿಗುಂಟ ರೈಲು, ಸಂಜೆಗೆ ಮುರುಡೇಶ್ವರ. ದಿಲ್ಲಿಯ ಮಂಜು ಆ ಯೋಜನೆಯ ಮೇಲೆ ಕೂತುಬಿಟ್ಟಿತು. ವಿಮಾನ ಹೊರಡುವಷ್ಟರಲ್ಲಿ ನಾವು ತಂದಿದ್ದ ಪುಳಿಯೋಗರೆ ಖಾಲಿಯಾಗಿತ್ತು. ಬಜ್ಪೆಯಲ್ಲಿ ಇಳಿದು ಸ್ವೆಟರನ್ನು ಬಿಚ್ಚುತ್ತಾ ಆಟೋ ಹತ್ತಿರ ಓಡಿದ ಮಾವ, "ಭಯ್ಯಾ, ಸ್ಟೇಷನ್ ಚಲೋಗೇ?" ಎಂದರು. ಆತ ನಿರರ್ಗಳ ಹಿಂದಿಯಲ್ಲಿ ಉತ್ತರ ಕೊಟ್ಟ. ಮಾವನಿಗೆ ಅವಮಾನವಾಯಿತು. ದಿಲ್ಲಿಯಲ್ಲಿ ನಮ್ಮವರ ಮಕ್ಕಳು ಹಿಂದಿಯಲ್ಲಿ ಬಾಯಿ ತೆರೆದರೆ "ಕನ್ನಡ, ಕನ್ನಡ" ಎಂದು ಬೆನ್ನು ಹತ್ತುವ ಮನುಷ್ಯ ಅವರು.

"ನಾವು ಕನ್ನಡದವರೇ ಕಣಪ್ಪ!"

"ಹೌದಾ? ಹಾಗಾದ್ರೆ ಕನ್ನಡದಲ್ಲೇ ಕೇಳ್ಬಹುದಿತ್ತಲ್ಲ ಮಾರಾಯ್ರೆ!"

ಸ್ಟೇಷನ್ನು ತಲುಪುವವರೆಗೂ ಮಾವ ಅವನೊಡನೆ ಬರೀ ಕನ್ನಡ ಮಾತಾಡಿದರು. ಅಲ್ಲಿ ಮಾತಾಡಲು ಏನೂ ಉಳಿದಿರಲಿಲ್ಲ, ರೈಲು ಹೋಗಿಯಾಗಿತ್ತು.

ನಾವು ಬಸ್ಸು ಹತ್ತಿದೆವು. ಉಡುಪಿಗೆ ಒಂದು, ಅಲ್ಲಿ ಇಳಿದು ಭಟ್ಕಳಕ್ಕೆ ಇನ್ನೊಂದು. ಕರಾವಳಿಯ ಖಾಸಗಿ ಬಸ್ಸಿನಲ್ಲಿ ನೀವು ಕೂತಿದ್ದರೆ ನಾನು ವರ್ಣಿಸಬೇಕಾಗಿಲ್ಲ. ಕೂತಿರದಿದ್ದರೆ ವರ್ಣಿಸಿದರೂ ನಂಬುವುದಿಲ್ಲ. ಅದು ರಸ್ತೆಯ ಮೇಲೆ ಓಡುವುದಿಲ್ಲ, ರಸ್ತೆಯನ್ನು ಆಗಾಗ ಮುಟ್ಟಿ ಹೋಗುತ್ತದೆ. ನಾನು ಮುಂದಿನ ಸೀಟಿನ ಕಂಬಿಯನ್ನು ತಬ್ಬಿ ಕೂತಿದ್ದರೆ ಮಾವ ನನಗೆ ನೀರೊಳಗಿನ ಸಂಜ್ಞೆಗಳ ಪಾಠ ಮಾಡುತ್ತಿದ್ದರು. "ಕೆಳಗೆ ಮಾತಿಲ್ಲ ಪುಟ್ಟಿ, ಎಲ್ಲ ಕೈಯಲ್ಲೇ. ಹೀಗೆ ಬೆರಳು ದುಂಡಗೆ ಮಾಡಿದರೆ ಎಲ್ಲ ಸರಿಯಿದೆ ಅಂತ. ಹೆಬ್ಬೆರಳು ಮೇಲೆತ್ತಿದರೆ ಮೇಲಕ್ಕೆ ಹೋಗೋಣ ಅಂತ. ಮರೀಬೇಡ."

"ನನಗ್ಯಾಕೆ ಮಾವ? ನಾನು ದಡದಲ್ಲಿರುವವಳು."

ಕುಂದಾಪುರದಲ್ಲಿ ಹತ್ತಿದ ಹೆಂಗಸೊಬ್ಬರು, ಮಡಿಲಲ್ಲಿ ಮಲ್ಲಿಗೆಯ ಕಟ್ಟು ಇಟ್ಟುಕೊಂಡು, ಈ ಕೈಸನ್ನೆಯನ್ನು ಬಹಳ ಹೊತ್ತು ನೋಡಿದರು. ಕೊನೆಗೆ ತಡೆಯಲಾರದೆ, "ಎಲ್ಲಿಗ್ ಹೋಪ್ದ್ ನೀವ್?" ಎಂದರು. ಮಾವ ವಿವರವಾಗಿ ಹೇಳಿದರು. ಸಮುದ್ರ, ಸಿಲಿಂಡರ್, ಬಣ್ಣಬಣ್ಣದ ಮೀನು. ಆಕೆಯ ಕಣ್ಣು ಅಗಲವಾಯಿತು. "ಮೀನ್ ಕಾಂಬುಕಾ ದಿಲ್ಲಿಯಿಂದ ಬಂದದ್ದ್? ನಮ್ ಕುಂದಾಪ್ರ ಪೇಟೆಯಗೇ ಸಿಕ್ಕತ್ತಲೆ!" ಮೀನು ನೋಡಲು ಇಷ್ಟು ದೂರ ಬಂದವರನ್ನು ಕಂಡು ಬಸ್ಸಿಗೆ ಬಸ್ಸೇ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಮಾವ. ಇಳಿಯುವಾಗ ಆಕೆ ನನ್ನ ಕೈಗೆ ಒಂದು ತುಂಡು ಮಲ್ಲಿಗೆ ಕೊಟ್ಟು, "ಜಾಗ್ರತೆ ಅಕಾ, ಅಪ್ಪಯ್ಯನ್ ಕೈ ಬಿಡ್ಬೇಡಿ" ಎಂದರು. ಅಪ್ಪಯ್ಯನಲ್ಲ, ಮಾವ ಎಂದು ತಿದ್ದಬೇಕೆನಿಸಲಿಲ್ಲ.

ಮರವಂತೆಯಲ್ಲಿ ರಸ್ತೆ ಬಂದು ನೀರಿನ ನಡುವೆ ನಿಲ್ಲುತ್ತದೆ. ಒಂದು ಮಗ್ಗುಲಲ್ಲಿ ನದಿ, ಇನ್ನೊಂದರಲ್ಲಿ ಸಮುದ್ರ, ಮಧ್ಯೆ ನಮ್ಮ ಬಸ್ಸು. ಸೂರ್ಯ ಮುಳುಗುತ್ತಿದ್ದ. ಅಲ್ಲಿಯವರೆಗೆ ಎಡೆಬಿಡದೆ ಮಾತಾಡುತ್ತಿದ್ದ ಮಾವ ಕಿಟಕಿಗೆ ಹಣೆ ಹಚ್ಚಿದರು. ಆ ಮುಖವನ್ನು ನೋಡುತ್ತ, ಅತ್ತೆಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ನನ್ನಿಂದ ಆಗದು ಎಂದು ನನಗೆ ಖಾತ್ರಿಯಾಯಿತು. ತಡೆಯುವುದಿದ್ದರೆ ಬೇರೆ ಯಾರಾದರೂ ತಡೆಯಲಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮುರುಡೇಶ್ವರದಲ್ಲಿ ತಡೆದದ್ದು ರಕ್ತದೊತ್ತಡದ ಯಂತ್ರ. ಡೈವಿಂಗ್ ಕಲಿಸುವಾತ, ಬಿಸಿಲಿಗೆ ಕೂದಲು ಕೆಂಚಾದ ಮೂವತ್ತರ ಯುವಕ, ಎಲ್ಲರಿಗೂ ಆರೋಗ್ಯ ವಿಚಾರಿಸುತ್ತಿದ್ದ. ಮಾವ ಸುಳ್ಳು ಹೇಳುವವರಲ್ಲ. "ಬಿಪಿ ಇದೆ, ಮಾತ್ರೆ ತಗೋತೀನಿ, ಹತೋಟಿಯಲ್ಲಿದೆ" ಎಂದರು. ಪಟ್ಟಿ ಸುತ್ತಿ ಒತ್ತಿ ನೋಡಿದರೆ ಹತೋಟಿಯಲ್ಲಿರಲಿಲ್ಲ. "ಇದು ನಿನ್ನೆಯ ಬಸ್ಸಿನ ಬಿಪಿ, ನನ್ನದಲ್ಲ" ಎಂದು ಮಾವ ವಾದಿಸಿದರು. ಆತ ನಕ್ಕು, ಸ್ವಲ್ಪ ಹೊತ್ತು ನೆರಳಲ್ಲಿ ಕೂರಿಸಿ, ಮತ್ತೆ ನೋಡಿದ. ಕಾದ ಆತಂಕಕ್ಕೆ ಅದು ಇನ್ನೂ ಏರಿತ್ತು.

"ಸಾರಿ ಸರ್. ದೋಣಿಯಲ್ಲಿ ಬನ್ನಿ, ದ್ವೀಪ ನೋಡಿ. ನೀರಿಗೆ ಇಳಿಸೋಕೆ ಆಗಲ್ಲ."

"ಸ್ವಲ್ಪವೇ ಸ್ವಲ್ಪ? ಮೇಲ್ಗಡೆಯೇ?"

"ನಿಮ್ಮ ಒಳ್ಳೇದಕ್ಕೇ ಸರ್."

ಮಾವ ಜಗಳ ಆಡಲಿಲ್ಲ. ತೋಳಿನ ಪಟ್ಟಿಯನ್ನು ತಾವೇ ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಅಂಗಡಿಯಿಂದ ಹಾಲಿನ ಪೊಟ್ಟಣ ತಾ ಎನ್ನುವಷ್ಟು ಸಲೀಸಾಗಿ, "ಪುಟ್ಟಿ, ನೀನು ಹೋಗಿ ಬಾ" ಎಂದರು.

"ನನಗೆ ಈಜು ಬರಲ್ಲ ಮಾವ!"

"ಬೇಕಾಗಿಲ್ಲ ಮೇಡಂ" ಎಂದ ಆ ಪಾಪಿ, "ನಾನು ಕೈ ಹಿಡಿದೇ ಇರ್ತೀನಿ."

ನಾನು ಒಲ್ಲೆ ಎಂದೆ. ಮಾವ ಒತ್ತಾಯಿಸಲಿಲ್ಲ. ಕಡಲಿನ ಕಡೆ ನೋಡುತ್ತಾ ನಿಂತರು. ಅವರ ಜೇಬಿನಿಂದ ಈಜಿನ ನೀಲಿ ಟೋಪಿಯ ತುದಿ ಇಣುಕುತ್ತಿತ್ತು. ನಾನು ಹೂಂ ಎಂದುಬಿಟ್ಟೆ.

ದೋಣಿ ಗಂಟೆಗೂ ಮಿಕ್ಕಿ ಕುಣಿಯುತ್ತಾ ಹೋಯಿತು. ಬಂದ ಯುವಕರೆಲ್ಲ ಒಬ್ಬೊಬ್ಬರಾಗಿ ಅಂಚಿಗೆ ಬಾಗಿ ತಿಂಡಿ ಒಪ್ಪಿಸುತ್ತಿದ್ದರೆ, ಬಯಲುಸೀಮೆಯ ನನ್ನ ಮಾವ ಮೂಲ ಕಡಲಿಗರ ಹಾಗೆ ಕೂತು ಅವರಿಗೆಲ್ಲ ನಿಂಬೆಹಣ್ಣು ಹಂಚಿದರು. ದ್ವೀಪದ ಬಳಿ ನನ್ನ ಬೆನ್ನಿಗೆ ಸಿಲಿಂಡರ್ ಬಿಗಿದು, ಕಣ್ಣಿಗೆ ದೊಡ್ಡ ಗಾಜಿನ ಕನ್ನಡಕ ಹಾಕಿ, ಬಾಯಿಗೆ ರಬ್ಬರಿನ ಕೊಳವೆ ಕಚ್ಚಿಸಿದರು. ಆ ವಾಸನೆಯೇ ಇದು. ಹಿಮ್ಮುಖವಾಗಿ ಬೀಳಬೇಕಂತೆ. ಬಿದ್ದೆ. ಇಷ್ಟದೈವಗಳ ಹೆಸರೆಲ್ಲ ಗುಳ್ಳೆಗಳಾಗಿ ಮೇಲೆ ಹೋದವು.

ಸ್ವಲ್ಪ ಇಳಿದ ಮೇಲೆ, ಅಚ್ಚರಿಯೆಂದರೆ, ಉಸಿರಾಡುತ್ತಿದ್ದೆ. ಆ ಯುವಕ ನನ್ನ ಮುಖ ನೋಡಿ, ಹೇಗಿದ್ದೀರಿ ಎಂಬಂತೆ ಬೆರಳು ದುಂಡಗೆ ಮಾಡಿದ. ನಾನು ಧೈರ್ಯ ತೋರಿಸಲು ಹುರುಪಿನಿಂದ ಹೆಬ್ಬೆರಳು ಎತ್ತಿದೆ. ಅವನು ನನ್ನನ್ನು ಮೇಲಕ್ಕೆ ಎಳೆದುಕೊಂಡು ಹೋದ. ತಲೆ ನೀರಿನಿಂದ ಹೊರಗೆ ಬಂದಾಗ ದೋಣಿಯ ಅಂಚಿನಲ್ಲಿ ಮಾವನ ಗಾಬರಿಯ ಮುಖ.

"ಏನಾಯ್ತು?"

"ಏನೂ ಇಲ್ಲ, ಚೆನ್ನಾಗಿದೆ ಅಂತ ತೋರಿಸಿದೆ."

"ಬಸ್ಸಿನಲ್ಲಿ ಅಷ್ಟು ಹೇಳಿಕೊಟ್ಟೆನಲ್ಲೇ!" ಎಂದು ಹಣೆ ಚಚ್ಚಿಕೊಂಡ ಮಾವ, ಮರುಕ್ಷಣ ಬಗ್ಗಿ, ದನಿ ತಗ್ಗಿಸಿ ಹೇಳಿದರು: "ಇನ್ನೊಂದು ಸಲ ಹೋಗು. ಅವಸರ ಮಾಡಬೇಡ. ಎಲ್ಲ ಸರಿಯಾಗಿ ನೋಡು, ಆಯ್ತಾ?"

ನೋಡಿದೆ. ಹಾಗೆ ನಾನು ಅದಕ್ಕೆ ಮೊದಲು ಏನನ್ನೂ ನೋಡಿರಲಿಲ್ಲ. ನನ್ನ ಕಣ್ಣಿಗೆ ಕಂಡದ್ದನ್ನು ಇನ್ನೊಬ್ಬರಿಗೆ ಒಪ್ಪಿಸಬೇಕೆಂಬ ಜವಾಬ್ದಾರಿ ಇದ್ದುದರಿಂದಲೋ ಏನೋ, ಹೆದರಲು ಪುರುಸೊತ್ತಾಗಲಿಲ್ಲ. ಬಂಡೆಯ ಮೇಲೆ ಬಿಸಿಲು ಬಲೆಯಂತೆ ಆಡುತ್ತಿತ್ತು. ಹಸಿರು ಮೀನೊಂದು ಕಲ್ಲನ್ನು ಕಟಕಟ ಕಡಿಯುತ್ತಿತ್ತು, ಆ ಸದ್ದು ನೀರಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಅಂಗೈ ಅಗಲದ ಹಳದಿ ಮೀನು ನನ್ನ ಕನ್ನಡಕದ ಗಾಜಿನ ಮುಂದೆ ಬಂದು, ಅಲ್ಲಿ ತನ್ನನ್ನೇ ಕಂಡಿತೇನೋ, ತಲೆ ಆಚೆ ಈಚೆ ಓರೆ ಮಾಡಿ ನೋಡಿ ಹೋಯಿತು.

ಮರಳುವ ದೋಣಿಯಲ್ಲಿ ಮಾವ ನನಗೆ ಟವೆಲ್ ಹೊದಿಸಿ, ಎದುರು ಕೂತರು. "ಹೇಳು" ಎಂದರು. ಹೇಳಿದೆ. ಅವರು ನಡುನಡುವೆ ಕಣ್ಣು ಮುಚ್ಚುತ್ತಿದ್ದರು. "ತಣ್ಣಗಿತ್ತಾ? ಮೇಲೆ ನೋಡಿದರೆ ದೋಣಿ ಹೇಗೆ ಕಾಣುತ್ತೆ? ನಾನು ಕಂಡೆನಾ?" ದಡ ಬಂದರೂ ಪ್ರಶ್ನೆಗಳು ಮುಗಿದಿರಲಿಲ್ಲ. ಆ ರಾತ್ರಿ ಫೋನಿನಲ್ಲಿ ಅತ್ತೆ, "ನಿಮ್ಮ ಮಾವ ಇಳಿದರಾ?" ಎಂದಾಗ "ಇಲ್ಲ" ಎಂದೆ. "ನೀನು ಹೇಗೆ ತಡೆದೆ? ಭೇಷ್" ಎಂದರು.

ಇದೆಲ್ಲ ಏಳೆಂಟು ವರ್ಷದ ಮಾತು. ಆಮೇಲಿನದು ಸಾವಕಾಶವಾಗಿ ನಡೆದದ್ದು. ಮೊದಲು ಮಾವ ಎಲ್ಲರಿಗೂ, "ನಮ್ಮ ಪುಟ್ಟಿ ಸಮುದ್ರಕ್ಕೆ ಇಳಿದಳು" ಎಂದು ಹೇಳುತ್ತಿದ್ದರು. ಕೆಲವು ವರ್ಷಗಳಲ್ಲಿ ಅದು "ನಾವು ಇಳಿದೆವು" ಎಂದಾಯಿತು. ಈಚೆಗೆ "ನಾನು" ಎಂದಾಗಿದೆ. ಮೊದಮೊದಲು ನಾನು ಬಿಡದೆ ತಿದ್ದುತ್ತಿದ್ದೆ. "ಮಾವ, ಅದು ನಾನು" ಎಂದರೆ ಅವರು ಗಲಿಬಿಲಿಗೊಂಡು, "ಹೌದಲ್ಲ" ಎಂದು ಚಹಾ ಲೋಟ ನೋಡುತ್ತಾ ಕೂರುತ್ತಿದ್ದರು. ನನ್ನ ಬದುಕಿನ ಒಂದೇ ಒಂದು ಸಾಹಸವದು. ಬಿಟ್ಟುಕೊಡಲು ಮನಸ್ಸಾಗುತ್ತಿರಲಿಲ್ಲ.

ಗ್ಯಾಸ್ಕೆಟ್ ತಂದ ಮರುದಿನ ಭಾನುವಾರ. ಮೆಟ್ರೋ ಹತ್ತಿ ಪೀತಮ್‌ಪುರಕ್ಕೆ ಹೋದೆ. ಮಾವನ ಮನೆಯಲ್ಲಿ ಎದುರು ಫ್ಲ್ಯಾಟಿನ ಹೊಸ ದಂಪತಿ ಕೂತಿದ್ದರು, ಕರ್ನಾಟಕದ ಕಡೆ ತಿರುಗಾಟಕ್ಕೆ ಹೊರಟವರು. ಮಾವ ಅವರಿಗೆ ಹಿಂದಿಯಲ್ಲಿ ದಾರಿ ಹೇಳುತ್ತಿದ್ದರು. ರೈಲು ನಂಬಬೇಡಿ, ಬಸ್ಸು ಹಿಡಿಯಿರಿ, ಎಡಗಡೆ ಕಿಟಕಿಯಲ್ಲಿ ಕೂರಿ. ಆಮೇಲೆ ನೀರಿಗೆ ಇಳಿದರು. ಹಿಮ್ಮುಖವಾಗಿ ಬಿದ್ದರು. ಕಲ್ಲು ಕಡಿಯುವ ಹಸಿರು ಮೀನು ಬಂತು, ಹಳದಿ ಮೀನು ಬಂತು. ಆಮೇಲೆ ಮಾವ ಕೈಯನ್ನು ಮೆಲ್ಲಗೆ ಮೇಲೆತ್ತಿ, "ಮೇಲೆ ನೋಡಿದರೆ ದೋಣಿಯ ಹೊಟ್ಟೆ ಕಪ್ಪಗೆ ಕಾಣುತ್ತೆ. ಅದರ ಅಂಚಿನಲ್ಲಿ ಒಬ್ಬರು ಬಗ್ಗಿ ನಮಗಾಗಿ ಕಾಯುತ್ತಾ ಇರುತ್ತಾರೆ. ಮುಖ ನೀರಲ್ಲಿ ಅಲ್ಲಾಡುತ್ತೆ, ಆದರೂ ಯಾರು ಅಂತ ಗೊತ್ತಾಗುತ್ತೆ" ಎಂದರು. ಇದನ್ನು ನಾನು ಅವರಿಗೆ ಹೇಳಿದ ನೆನಪಿಲ್ಲ. ಆದರೆ ನಿಜ, ಹಾಗೇ ಕಂಡಿತ್ತು.

ಆ ಹುಡುಗಿ ಬೆರಗಾಗಿ ನನ್ನ ಕಡೆ ತಿರುಗಿ, "ಆಪ್ ಭೀ ಗಯೀ ಥೀ?" ಎಂದಳು. ಅಡುಗೆಮನೆಯ ಬಾಗಿಲಲ್ಲಿ ಶಾರದತ್ತೆ ಸೌಟು ಹಿಡಿದು ನಿಂತಿದ್ದರು. ಮಾವ ಕೂಡ ನನ್ನನ್ನೇ ನೋಡುತ್ತಿದ್ದರು.

"ಹೋಗಿದ್ದೆ" ಎಂದೆ ನಾನು ಹಿಂದಿಯಲ್ಲಿ, "ಆದರೆ ನೀರಿಗೆ ಇಳಿಯಲಿಲ್ಲ. ದೋಣಿಯಲ್ಲೇ ಕೂತಿದ್ದೆ."

"ಹೆದರಿಬಿಟ್ಟಳು, ಪಾಪ" ಎಂದರು ಮಾವ, ಪ್ರೀತಿಯಿಂದ, ಕೋಡುಬಳೆಯ ತಟ್ಟೆಯನ್ನು ನನ್ನ ಕಡೆ ಸರಿಸುತ್ತಾ.