ಜೋಡಿ ಸನ್ಮಾನ

ಕಬಡ್ಡಿ ಆಡುವವನ ತೊಡೆ ನೋಡಿ ಹೆಣ್ಣು ಕೊಟ್ಟ ಮನೆ ನಮ್ಮದು. ಏಳನೆಯ ತರಗತಿಗೇ ಶಾಲೆ ಬಿಟ್ಟು, ತದಡಿ ಬಂದರದಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡಿ ದುಡಿದವನು ನಾನು. ತಂಗಿಯ ಮದುವೆಗೆ ಯಾರ ಎದುರೂ ಕೈ ಚಾಚಲಿಲ್ಲ. ಭಾವನ ಮನೆ ಮಾವಿನಕುರ್ವೆಯಲ್ಲಿ. ಅವನು ಮಾತ್ರ ಹೆಚ್ಚಾಗಿ ಟಿವಿಯಲ್ಲೇ ಇರುತ್ತಿದ್ದ. ಮುಂಗೈ ಮೇಲೆ ತಂಗಿಯ ಹೆಸರಿನ ಹಚ್ಚೆ. ಅದಕ್ಕೊಂದು ಮುತ್ತು ಕೊಟ್ಟೇ ರೈಡಿಗೆ ಹೋಗುವುದು. ಭಟ್ಕಳದಿಂದ ಕುಮಟೆಯವರೆಗಿನ ಹೆಂಗಸರೆಲ್ಲ ಗಂಡನೆಂದರೆ ಹೀಗಿರಬೇಕು ಎಂದು ಕರಗಿ ಹೋದರು.

ಮೊಣಕಾಲಿನ ನರ ಹರಿದುಕೊಂಡು ಬಂದಾಗ ಅವನನ್ನು ಬಚ್ಚಲಿಗೆ ಹೊತ್ತುಕೊಂಡು ಹೋದವಳು ತಂಗಿ. ಕಾಲು ನೆಟ್ಟಗಾಯಿತು, ತಂಡ ಮತ್ತೆ ಕರೆಯಿತು. ತಂಡದ ಊರಲ್ಲೇ ಇನ್ನೊಬ್ಬಳ ಜೊತೆ ಮನೆ ಮಾಡಿದ. ಸುಳ್ಳನ್ನೂ ಹೇಳಲಿಲ್ಲ ಮಹಾರಾಯ. "ಆಟಗಾರರ ಟೆನ್ಶನ್ ನಿಂಗೆಂತ ಗೊತ್ತು?" ಎಂದು ತಂಗಿಯನ್ನು ಫೋನಿನಲ್ಲೇ ಕೇಳಿದ. ನಮ್ಮ ಬಂದರದ ಹುಡುಗರೂ ಸೀಸನ್ನು ಮುಗಿಯುವವರೆಗೆ ಗೋವೆಯ ಬೋಟಿನಲ್ಲಿರುತ್ತಾರೆ. ಅವರಿಗೂ ಟೆನ್ಶನ್ ಇದೆ, ಹೆಂಡತಿಯೂ ಇದ್ದಾಳೆ. ತಂಗಿ ತವರಿಗೆ ಬಂದಳು.

ಅದಾದ ಮೇಲೆ ಹೊನ್ನಾವರದ ಪಂದ್ಯಾವಳಿಯಲ್ಲಿ ಅವನಿಗೆ ಸನ್ಮಾನ ಎಂದಾಯಿತು. ನಮ್ಮ ಕಡೆ ಸನ್ಮಾನವೆಂದರೆ ಜೋಡಿಯಾಗಿ ಕೂರಬೇಕು, ಇಲ್ಲವಾದರೆ ಶಾಲು ಹೊದೆಸುವವರಿಗೇ ಸಮಾಧಾನವಿಲ್ಲ. ತಂಗಿಯನ್ನು ಒಂದು ಮಾತು ಕೇಳದೆ 'ಆದರ್ಶ ದಂಪತಿ' ಎಂದು ಫ್ಲೆಕ್ಸ್ ಕಟ್ಟಿ, ಆಮೇಲೆ ಕಮಿಟಿಯ ಇಬ್ಬರು ನಮ್ಮ ಜಗಲಿಗೆ ಬಂದರು.

"ಅರ್ಧ ತಾಸು ಕೂತ್ರೆ ಆತು ಅಣ್ಣಾ. ಊರ ಮರ್ಯಾದೆ ಪ್ರಶ್ನೆ."

"ಊರ ಮರ್ಯಾದೆ ನನ್ನ ತಂಗಿ ತಲೆ ಮೇಲೆ ಎಂತಕ್ಕೆ ಇಟ್ರಿ? ಅವ ಕಟ್ಕಂಡವಳನ್ನೇ ಕರಕಂಡು ಬಂದು ಕೂರ್ಸಿ!"

"ಛೆ ಛೆ, ಅದು ಚೆಂದ ಕಾಣೂದಿಲ್ಲ," ಎಂದ ದೊಡ್ಡವನು. ಇಂಥವರಿಗೆ ಚೆಂದ ಕಂಡರೆ ಮುಗಿಯಿತು.

ನಾನು ಬಾಯಿ ಬಿಡುವಷ್ಟರಲ್ಲಿ ತಂಗಿ ಒಳಗಿನಿಂದ ಬಂದಳು. ಹೋಗಿಬಿಡುತ್ತಾಳೋ ಎಂದು ನನಗೆ ಒಳಗೊಳಗೇ ಪುಕುಪುಕು. ಒಮ್ಮೆ ಪಕ್ಕದಲ್ಲಿ ಕೂತರೆ ಆ ಫೋಟೋ ಹಿಡಿದು ಅವಳನ್ನು ಮತ್ತೆ ಅದೇ ಮನೆಗೆ ನೂಕುತ್ತಾರೆ.

"ಕಾಲು ತಿಕ್ಕಿದ್ದು ಗಂಡ ಅಂತ. ಆದರ್ಶ ಅಂತ ಅಲ್ಲ. ನಾ ಬರೂದಿಲ್ಲ," ಎಂದಳು. ಅವರಿಗೆ ಚಾ ಕೊಟ್ಟೇ ಕಳಿಸಿದಳು. ನಾನಾಗಿದ್ದರೆ ನೀರೂ ಕೊಡುತ್ತಿರಲಿಲ್ಲ.

ಕಮಿಟಿಯವರು ಹೆದರುವ ಜನವಲ್ಲ. ಅವನ ಪಕ್ಕದಲ್ಲಿ ತಾಯಿಯನ್ನು ಕೂರಿಸಿದರು. ಮೈಕಿನವನು ದಾಂಪತ್ಯ ಬಿಟ್ಟು ಮಾತೃಭಕ್ತಿ ಹಿಡಿದ. ಜನ ಅದಕ್ಕೂ ಚಪ್ಪಾಳೆ ತಟ್ಟಿದರಂತೆ.

ಮರುದಿನ ಬೆಳಿಗ್ಗೆ ಅವನ ಫೋನು ಬಂತು. "ಮಂದಿ ಎದ್ರಿಗೆ ನನ್ನ ಮರ್ಯಾದೆ ತೆಗೆದ್ಯಲ್ಲೇ!" ಎಂಬ ಕೂಗು ನನಗೂ ಕೇಳಿಸಿತು.

"ಮಂದಿ ಚಪ್ಪಾಳೆ ಹೊಡದ್ರಂತಲ್ಲ, ಸಾಕಾಗ್ಲಿಲ್ವ?" ಎಂದು ತಂಗಿ ಫೋನಿಟ್ಟಳು. ಇಟ್ಟವಳೇ ಸೀರೆ ಬದಲಿಸಿ ಬಂದು, ಕುಮಟೆಯ ವಕೀಲರ ಹತ್ತಿರ ಬಿಡು ಎಂದಳು.

ಬೈಕಿನಲ್ಲಿ ದಾರಿಯುದ್ದಕ್ಕೂ ನಾನು ಅವನ ವಂಶ ಜಾಲಾಡಿದೆ. ಅವಳು ಒಂದು ಬೈಗುಳವನ್ನೂ ಸೇರಿಸಲಿಲ್ಲ. "ನಿಧಾನ ಹೊಡಿ ಅಣ್ಣಾ, ಮುಂದೆ ಹೊಂಡ ಅದೆ," ಎಂದಳು ಅಷ್ಟೇ.