ಅಪ್ಪನ ಕೆಂಪು ಬಾವುಟ

ನನ್ನ ಕಂಪ್ಯೂಟರ್ ಕೆಲಸಕ್ಕೆ ಜರ್ಮನಿ ಕೊಟ್ಟ ಗ್ರೀನ್ ಕಾರ್ಡ್ ಸಾಲದೆಂದು ಅಮೆರಿಕದ ವೀಸಾವನ್ನೂ ಕೇಳಲು ನಾನು, ಅಪ್ಪ ನ್ಯೂರೆಂಬರ್ಗ್‌ನಿಂದ ಫ್ರಾಂಕ್‌ಫರ್ಟ್‌ನ ಅಮೆರಿಕನ್ ಕಾನ್ಸುಲೇಟ್‌ಗೆ ಬಂದೆವು.

"ಕಮ್ಯುನಿಸ್ಟರ ಸಂಗ ಇತ್ತೇನು ಅಂತ ಕೇಳ್ತಾರಂತ. ಇಲ್ಲ ಅಂದ್ಬಿಡ್ರಿ ಅಪ್ಪಾ," ಎಂದು ರೈಲಿನುದ್ದಕ್ಕೂ ಗೋಗರೆದೆ.

"ಸುಳ್ಳ ಹೇಳಂಗಿಲ್ಲಲೇ. ವೀಸಾ ಸಿಗಲಿ, ಬಿಡಲಿ."

ಸೋವಿಯತ್ ದೇಶ ಒಡೆದ ಸುದ್ದಿ ಇನ್ನೂ ತಲುಪಿಲ್ಲವೇನೋ ಎಂಬಂತೆ, ಗಾಜಿನಾಚೆಯ ಅಮೆರಿಕನ್ ಅಧಿಕಾರಿ ಅದನ್ನೇ ಕೇಳಿದಳು. ಅಪ್ಪ ಎದೆಯುಬ್ಬಿಸಿ ಹೌದೆಂದರು. ಚಿಕ್ಕವರಿದ್ದಾಗ ಹುಬ್ಬಳ್ಳಿಯ ಮಿಲ್ ಕಾರ್ಮಿಕರ ಮೆರವಣಿಗೆಯಲ್ಲಿ ಕೆಂಪು ಬಾವುಟ ಹಿಡಿದಿದ್ದರಂತೆ. ನಾನು ಅಪ್ಪನ ಅಂಗಿಯ ತೋಳು ಜಗ್ಗಿದೆ.

"ಯಾಕೆ ಹಿಡಿದಿರಿ?" ಎಂದಳು ಅಧಿಕಾರಿ.

"ಹಿಡಿದವರಿಗೆ ಮಿರ್ಚಿ ಭಜಿ ಕೊಡ್ತಿದ್ರು."

"ಆಮೇಲೆ?"

"ಮರುವರ್ಷ ಭಜಿ ಕೊಡಲಿಲ್ಲ. ನಾನೂ ಹೋಗಲಿಲ್ಲ."

ಅವಳು ನಗಲಿಲ್ಲ. ಭಜಿಯ ಸಂಗತಿಯನ್ನೂ ಬರೆದುಕೊಂಡು, ಒಮ್ಮೆ ಓದಿ ನೋಡಿ, ಆಮೇಲಷ್ಟೇ ವೀಸಾ ಮಂಜೂರು ಎಂದಳು.